ಬಲಗಡೆಯದು ತುಂಬಿದೆ

ಹೋದ ತಿಂಗಳು ಬಿದರೆಹಳ್ಳಿ ಕಾವಲ್ ಹತ್ತಿರದ ತೋಟವೊಂದಕ್ಕೆ ಪಂಪಿನ ಎಂಜಿನ್ ನೋಡಿಕೊಡಲು ಹೋಗಿದ್ದೆ. ಅಲ್ಲಿನ ಹೆಲಿಕಾಪ್ಟರ್ ಕಾರ್ಖಾನೆಯ ಕಡೆಯಿಂದ ಒಂದು ಹೆಲಿಕಾಪ್ಟರ್ ಎದ್ದು ತಲೆಯ ಮೇಲೇ ಹಾದುಹೋಯಿತು. ತೋಟದವರು ಯಾರೂ ತಲೆ ಎತ್ತಲಿಲ್ಲ, ಅವರಿಗೀಗ ಅದು ಬಸ್ಸು ಹೋದ ಹಾಗೆ. ನಾನು ಸ್ಪ್ಯಾನರ್ ಕೆಳಗಿಟ್ಟು ಮೂಗು ಎತ್ತಿದೆ. ಸೀಮೆಎಣ್ಣೆಯಂಥ ವಾಸನೆ ಬಂತೋ, ಬಂದ ಹಾಗೆ ಅನ್ನಿಸಿತೋ, ಗೊತ್ತಿಲ್ಲ. ನಾನು ಬಲ್ಲ ವಿಮಾನದ ಎಣ್ಣೆಯ ವಾಸನೆಯೇ ಬೇರೆ. ಅದು ನೀಲಿ ಬಣ್ಣದ ಪೆಟ್ರೋಲು, ಮೂಗಿಗೆ ಸ್ವಲ್ಪ ಸಿಹಿ ಅನ್ನಿಸುತ್ತಿತ್ತು, ಕೈಗೆ ಬಿದ್ದರೆ ಮಂಜುಗಡ್ಡೆ ಇಟ್ಟ ಹಾಗೆ ತಣ್ಣಗಾಗುತ್ತಿತ್ತು. ತೊಂಬತ್ತರ ದಶಕದ ಕೊನೆಯ ಒಂದು ಚಳಿಗಾಲವಿಡೀ ನನ್ನ ಕೈ, ಅಂಗಿ, ಊಟದ ಡಬ್ಬಿ ಎಲ್ಲಕ್ಕೂ ಅದೇ ವಾಸನೆ ಹತ್ತಿತ್ತು. ಆ ಚಳಿಗಾಲದ ಒಂದು ಬೆಳಗ್ಗೆಯನ್ನು ನೆನೆದರೆ ಇವತ್ತಿಗೂ ನನಗೆ ನನ್ನ ಮೇಲೇ ಸಿಟ್ಟು ಬರುತ್ತದೆ.

ನಾನಾಗ ಇಪ್ಪತ್ತಾರರವನು. ತುಮಕೂರಿನ ಶಿರಾ ಗೇಟ್‌ನಲ್ಲಿ ನಮ್ಮ ಅಬ್ಬಾ ಅವರದು ಕಾರ್ಬುರೇಟರ್ ರಿಪೇರಿ ಅಂಗಡಿ. ರಸ್ತೆಯಲ್ಲಿ ಹೋಗುವ ಸ್ಕೂಟರಿನ ಸದ್ದು ಕೇಳಿಯೇ ಅದರ ರೋಗ ಹೇಳುತ್ತೇನೆ ಎಂಬ ಜಂಬ ನನಗೆ. ಕಲಿತದ್ದು ಕಡಿಮೆ, ಕೊಚ್ಚಿಕೊಂಡದ್ದು ಜಾಸ್ತಿ. ಮೂಗಿಗಿಂತ ಮೂಗುತಿ ಭಾರ ಅನ್ನುತ್ತಾರಲ್ಲ, ಹಾಗೆ. ಕುಣಿಗಲ್ ಕಡೆಯ ದೊಡ್ಡ ತೋಟದ ಯಜಮಾನರೊಬ್ಬರ ಹಳೆಯ ಜೀಪನ್ನು ಯಾರೂ ಸರಿಮಾಡಲಾರದೆ ಕೈಬಿಟ್ಟಾಗ ನಾನು ಅರ್ಧ ದಿನದಲ್ಲಿ ಓಡಿಸಿಕೊಟ್ಟಿದ್ದೆ. ಅವರು ಆ ವರ್ಷ ನಾಲ್ಕು ಸೀಟಿನ ಒಂದು ಹಳೆಯ ವಿಮಾನ ಕೊಂಡರು. ತೋಟದ ಅಂಚಿನಲ್ಲಿ ಕೆಂಪು ಮಣ್ಣು ಗಟ್ಟಿಯಾಗಿ ದಮ್ಮಸು ಮಾಡಿಸಿ ವಿಮಾನ ಏಳಲು, ಇಳಿಯಲು ಓಟದ ದಾರಿ ಮಾಡಿಸಿದರು. ನನ್ನನ್ನು ಕರೆಸಿ, "ಪೆಟ್ರೋಲ್ ತುಂಬಿಸೋದು, ಒರೆಸೋದು, ಕಟ್ಟಿಹಾಕೋದು ನಿನ್ ಕೆಲ್ಸ. ಎಂಜಿನ್ನಿಗೆ ಕೈ ಹಾಕ್ಬೇಡ, ಅದಕ್ಕೆ ಲೈಸೆನ್ಸ್ ಇರೋ ಎಂಜಿನಿಯರು ಬೆಂಗ್ಳೂರಿಂದ ಬರ್ತಾರೆ" ಅಂದರು. ವಿಮಾನದ ಕೆಲಸ ಎಂಬ ಮಾತೇ ಸಾಕಾಗಿತ್ತು ನನಗೆ. ಶಿರಾ ಗೇಟ್‌ನ ಟೀ ಅಂಗಡಿಗಳಲ್ಲಿ ವಾರಗಟ್ಟಲೆ ಅದನ್ನೇ ಹೇಳಿಕೊಂಡು ತಿರುಗಿದೆ.

ವಿಮಾನ ಹಾರಿಸುತ್ತಿದ್ದವರು ಕ್ಯಾಪ್ಟನ್ ಮಂದಣ್ಣ. ಕೊಡಗಿನವರು, ಅರವತ್ತು ದಾಟಿತ್ತು, ಮಾತು ಕಡಿಮೆ. ಮೊದಲ ದಿನವೇ ನನ್ನನ್ನು ರೆಕ್ಕೆಯ ಪಕ್ಕ ನಿಲ್ಲಿಸಿಕೊಂಡು ಪಾಠ ಮಾಡಿದ್ದರು. ಎರಡು ರೆಕ್ಕೆಯಲ್ಲಿ ಎರಡು ಟ್ಯಾಂಕು, ಒಂದೊಂದರಲ್ಲಿ ಎಪ್ಪತ್ತು ಲೀಟರ್. ಪೈಲಟ್ಟನ ಮೊಣಕಾಲ ಬಳಿ ಒಂದು ಹಿಡಿ ಇದೆ. ಎಡಕ್ಕೆ ತಿರುಗಿಸಿದರೆ ಎಡಗಡೆ ಟ್ಯಾಂಕಿನಿಂದ, ಬಲಕ್ಕೆ ತಿರುಗಿಸಿದರೆ ಬಲಗಡೆಯದರಿಂದ ಎಂಜಿನ್ ಕುಡಿಯುತ್ತದೆ. ಎರಡರಿಂದಲೂ ಒಟ್ಟಿಗೆ ಕುಡಿಯುವ ಏರ್ಪಾಡು ಈ ವಿಮಾನದಲ್ಲಿ ಇಲ್ಲ.

"ಮುಂದೆ ಇರೋ ಪೆಟ್ರೋಲ್ ಮುಳ್ಳನ್ನ ನಂಬಬೇಡ, ರಿಯಾಜ್. ಬಲಗಡೆ ಮುಳ್ಳಂತೂ ಯಾವಾಗ್ಲೂ ಫುಲ್ ಅಂತಾನೇ ತೋರಿಸ್ತದೆ, ಕೆಟ್ಟಿದೆ. ಕೋಲು ಇಳಿಸು, ಕಣ್ಣಲ್ಲಿ ನೋಡು. ಸ್ಕೂಟರಲ್ಲಿ ಪೆಟ್ರೋಲ್ ಮುಗಿದ್ರೆ ವಾಲಿಸಿ ಒದೀತೀಯ. ಮೇಲೆ ಎಲ್ಲಿ ಒದೀತೀಯ?" ಅಂದಿದ್ದರು.

ಕೋಲು ಎಂದರೆ ಒಂದು ಮೊಳದ ಮರದ ಕಡ್ಡಿ. ಅದರ ಮೇಲೆ ಎಂಟು ಗೀಟು ಕೊರೆದಿತ್ತು. ಟ್ಯಾಂಕಿನ ಮುಚ್ಚಳ ತೆಗೆದು ಇಳಿಸಿ, ಎಲ್ಲಿಯವರೆಗೆ ಒದ್ದೆಯಾಗಿದೆಯೋ ಅಷ್ಟು ಗೀಟು ಪೆಟ್ರೋಲ್ ಇದೆ ಎಂದು ಲೆಕ್ಕ. ಇದಲ್ಲದೆ ರೆಕ್ಕೆಯ ತಳದಲ್ಲಿ ಪುಟ್ಟದೊಂದು ಕವಾಟ. ಅದನ್ನು ಒತ್ತಿ ಗಾಜಿನ ಲೋಟಕ್ಕೆ ಸ್ವಲ್ಪ ಹಿಡಿದು ನೋಡಬೇಕು. ಚಳಿಗಾಲದಲ್ಲಿ ಟ್ಯಾಂಕಿನೊಳಗೆ ಇಬ್ಬನಿ ಕಟ್ಟಿ ನೀರು ತಳಕ್ಕೆ ಇಳಿಯುತ್ತದೆ, ಆ ನೀರು ಎಂಜಿನ್ನಿಗೆ ಹೋದರೆ ಮುಗಿಯಿತು. ಪೀಪಾಯಿಯಿಂದ ತುಂಬಿಸುವಾಗಲೂ ನೀರು ತಡೆಯುವ ಮೆತ್ತನೆಯ ತೊಗಲಿನಲ್ಲಿ ಸೋಸಿಯೇ ತುಂಬಿಸಬೇಕು.

ಬೆಳಗಿನ ಹೊತ್ತು ಕೋಲು ಇಳಿಸುತ್ತಿದ್ದವರು ಗಂಗಮ್ಮ. ಹಾಗಲವಾಡಿ ಕಡೆಯ ರಾಗಿ ಬೆಳೆಯುವ ಮನೆತನದವರು. ಗಂಡ ಯಜಮಾನರ ತೋಟದ ಕಾವಲಿಗೆ, ಇವರು ವಿಮಾನದ ಕಾವಲಿಗೆ, ಓಟದ ದಾರಿಯ ಕೊನೆಯಲ್ಲೇ ಮನೆ. ನಾನು ತುಮಕೂರಿನಿಂದ ಮೊದಲ ಬಸ್ಸು ಹಿಡಿದು ಬರುವಷ್ಟರಲ್ಲಿ ಆರೂವರೆ ಆಗುತ್ತದೆಂದು ಕ್ಯಾಪ್ಟನ್ನೇ ಅವರಿಗೆ ಕಲಿಸಿಕೊಟ್ಟಿದ್ದರು. ಓದು ಬರಹ ಇಲ್ಲದಿದ್ದರೂ ಗಂಗಮ್ಮನ ಲೆಕ್ಕ ತಪ್ಪಿದ್ದೇ ಇಲ್ಲ. ನಾನು ಬಂದೊಡನೆ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಒಪ್ಪಿಸುತ್ತಿದ್ದರು: "ಎಡಗಡೇದು ಆರು ಗೀಟು, ಬಲಗಡೇದು ನಾಕು." ಕ್ಯಾಪ್ಟನ್ ನನಗೆ ಹೇಳಿದ್ದು ಒಂದೇ: "ಗಂಗಮ್ಮ ನೋಡಿದ ಮೇಲೂ ನೀನೊಂದು ಸಲ ನೋಡಬೇಕು. ಇಬ್ಬರ ಕಣ್ಣು ಬೀಳಬೇಕು." ಮೊದಲ ತಿಂಗಳು ನೋಡಿದೆ. ಆಮೇಲೆ ದಿನ ಬಿಟ್ಟು ದಿನ. ಆಮೇಲೆ ಬಿಟ್ಟೇಬಿಟ್ಟೆ.

ಆ ವರ್ಷ ನಮ್ಮ ಸೀಮೆಯ ತೆಂಗಿಗೆ ನುಸಿ ಬಿದ್ದಿತ್ತು. ಕಾಯಿ ಕಂದು ಬಣ್ಣಕ್ಕೆ ತಿರುಗಿ, ಸೊರಗಿ, ಬೆಳೆಯುವ ಮೊದಲೇ ಉದುರುತ್ತಿತ್ತು. ಯಾವ ತೋಟಕ್ಕೆ ಎಷ್ಟು ಹರಡಿದೆ ಎಂದು ಮೇಲಿಂದ ಫೋಟೋ ತೆಗೆದು ನಕ್ಷೆ ಮಾಡಿಸೋಣ ಎಂಬ ಯೋಚನೆ ಯಜಮಾನರಿಗೆ ಬಂತು. ಮೇಲಿಂದ ನೋಡಿ ಇದು ಯಾರ ತೋಟ ಎಂದು ಹೇಳುವವರು ಬೇಕಿತ್ತು. ಅದಕ್ಕೆ ಸಿಕ್ಕಿದವಳು ಗಂಗಮ್ಮನ ಮಗಳು ಶಶಿಕಲಾ. ಬಿ.ಎಸ್ಸಿ. ಮುಗಿಸಿದ್ದಳು, ಗುಬ್ಬಿಯಿಂದ ಹಾಗಲವಾಡಿವರೆಗೆ ಯಾವ ಹಳ್ಳದ ಪಕ್ಕ ಯಾರ ತೋಟ ಎಂದು ಬಾಯಿಪಾಠ ಬರುತ್ತಿತ್ತು. ಕ್ಯಾಪ್ಟನ್ ಪಕ್ಕದ ಸೀಟಿನಲ್ಲಿ ಕ್ಯಾಮೆರಾ, ನೋಟ್‌ಬುಕ್ಕು ಹಿಡಿದು ಕೂರುವುದು ಅವಳ ಕೆಲಸ. ಮೊದಲ ಸಲ ಅವಳು ಹಾರಿದ ದಿನ ಗಂಗಮ್ಮ ವಿಮಾನ ಕಣ್ಣಿಗೆ ಮರೆಯಾಗುವವರೆಗೂ ಎರಡು ಕೈ ಜೋಡಿಸಿ ನಿಂತಿದ್ದರು.

ಅದು ರಂಜಾನ್ ತಿಂಗಳು. ಡಿಸೆಂಬರಿನ ಚಳಿ. ನಾನು ಹೇಳುತ್ತಿರುವ ಬೆಳಗಿನ ಹಿಂದಿನ ಸಂಜೆ ಎರಡೂ ಟ್ಯಾಂಕಿಗೆ ಎಂಟು ಗೀಟಿನವರೆಗೆ ತುಂಬಿಸಿದೆ. ಹಳೆಯ ಪೀಪಾಯಿ ಅಲ್ಲಿಗೆ ಬರಿದಾಯಿತು. ಹೊಸದನ್ನು ಉರುಳಿಸಿ ತಂದು ಸೀಲು ಒಡೆಯದೆ ಷೆಡ್ಡಿನ ಬಾಗಿಲಲ್ಲಿ ನಿಲ್ಲಿಸಿದೆ. ಗಂಗಮ್ಮ ಆಗ ರಾಗಿ ಕಣದ ಕಡೆ ಹೋಗಿದ್ದರಿಂದ ನಾನು ತುಂಬಿಸಿದ್ದನ್ನು ನೋಡಲಿಲ್ಲ. ಕೊನೆಗೆ ನೀರು ಇದೆಯೇ ಎಂದು ಬಲಗಡೆಯ ಕವಾಟ ಒತ್ತಿ ಲೋಟಕ್ಕೆ ಹಿಡಿದೆ. ಹನಿ ನೀರಿಲ್ಲ. ಅಷ್ಟರಲ್ಲಿ ದೂರದಲ್ಲಿ ಬಸ್ಸಿನ ಹಾರನ್ ಕೇಳಿಸಿತು. ಅದು ತಪ್ಪಿದರೆ ಹೊತ್ತು ಮುಳುಗಿ ಮಗ್ರಿಬ್ ಆಗುವ ಹೊತ್ತಿಗೆ ಮನೆ ಸೇರುವುದಿಲ್ಲ, ರೋಜಾದ ಉಪವಾಸ ರಸ್ತೆಯಲ್ಲೇ ಬಿಡಬೇಕು. ಕವಾಟ ಬಿಟ್ಟು, ಅದು ಸರಿಯಾಗಿ ಕೂತಿತೇ ಎಂದು ಬೆರಳಿಟ್ಟು ನೋಡದೆ, ಓಡಿದೆ. ಒಂದು ಮರಳಿನ ಕಣ ಅದರ ಬಾಯಲ್ಲಿ ಸಿಕ್ಕಿಕೊಂಡಿತ್ತು. ಬೆಳಗಾಗುವವರೆಗೂ ಬಲಗಡೆಯ ಪೆಟ್ರೋಲು ದಾರದಷ್ಟು ತೆಳ್ಳಗೆ ಸೋರುತ್ತಾ ಹೋಯಿತು. ವಿಮಾನ ಬಯಲಲ್ಲಿ ನಿಂತಿತ್ತು. ಒಣ ಮಣ್ಣು ಕುಡಿದಷ್ಟು ಕುಡಿಯಿತು, ಉಳಿದದ್ದನ್ನು ಗಾಳಿ ತೆಗೆದುಕೊಂಡು ಹೋಯಿತು.

ಮರುದಿನ ನಾನು ಬಂದಾಗ ಮಂಜು ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಉಪವಾಸಕ್ಕೆ ಮುಂಚಿನ ಸಹರಿ ಊಟ ಮಾಡಿದ್ದು ನಾಲ್ಕು ಗಂಟೆಗೆ, ನಿದ್ದೆ ಅರ್ಧಂಬರ್ಧ. ಗಂಗಮ್ಮ ರೆಕ್ಕೆಯ ಪಕ್ಕ ಕೋಲು ಹಿಡಿದು ನಿಂತಿದ್ದರು.

"ಎಡಗಡೇದು ಎಂಟು ಗೀಟು," ಅಂದರು. ಆಮೇಲೆ ಸ್ವಲ್ಪ ತಡೆದು, "ಬಲಗಡೇದು ತುಂಬೈತೆ ಕಣಪ್ಪ" ಅಂದರು.

ನಾನು ಸರಿ ಎಂದು ತಲೆಯಾಡಿಸಿದೆ. ಎಂಟು ಗೀಟು ಅಂದರೂ ತುಂಬಿದ್ದು, ತುಂಬಿದೆ ಅಂದರೂ ತುಂಬಿದ್ದು. ನಾನೇ ತುಂಬಿಸಿ ಹೋಗಿದ್ದೆನಲ್ಲ. ಒಂದಕ್ಕೆ ಗೀಟು ಹೇಳಿದವರು ಇನ್ನೊಂದಕ್ಕೆ ಯಾಕೆ ಹೇಳಲಿಲ್ಲ ಎಂದು ಒಂದು ಕ್ಷಣ ನಿಂತು ಯೋಚಿಸಿದ್ದರೆ ಸಾಕಿತ್ತು. ಗಂಗಮ್ಮ ಮಗಳಿಗೆ ರೊಟ್ಟಿ ಕಟ್ಟಲು ಮನೆ ಕಡೆ ನಡೆದರು. ನಾನು ಎಡಗಡೆಯ ಕವಾಟ ಒತ್ತಿ ಲೋಟಕ್ಕೆ ಹಿಡಿದು ನೋಡಿದೆ. ಬಲಗಡೆಯದನ್ನು ನಿನ್ನೆ ಸಂಜೆ ನೋಡಿದ್ದೇನಲ್ಲ ಎಂದು ಬಿಟ್ಟೆ. ನಿದ್ದೆಗೆಟ್ಟ ಹೊಟ್ಟೆಗೆ ಆ ವಾಸನೆ ಬಡಿದರೆ ವಾಕರಿಕೆ ಬರುತ್ತಿತ್ತು ಎಂಬುದೂ ನಿಜ.

ಕ್ಯಾಪ್ಟನ್ ಬಂದು ರೆಕ್ಕೆ, ಚಕ್ರ, ಮುಂದಿನ ಪಂಖ ಎಲ್ಲ ಮುಟ್ಟಿ ನೋಡಿದರು. ಟ್ಯಾಂಕಿನ ಮುಚ್ಚಳದ ಮೇಲೆ ಕೈ ಇಟ್ಟು ನನ್ನ ಕಡೆ ತಿರುಗಿದರು.

"ಎರಡಕ್ಕೂ ನೀನೇ ಕೋಲು ಇಳಿಸಿದೆಯಾ?"

"ಹ್ಞೂಂ ಸಾರ್. ಎರಡೂ ಫುಲ್."

ಸುಳ್ಳು ಹೇಳುತ್ತಿದ್ದೇನೆ ಎಂದು ಅನ್ನಿಸಲೂ ಇಲ್ಲ. ಅವರು ಮುಚ್ಚಳದ ಮೇಲಿನ ಕೈ ತೆಗೆದರು. ಶಶಿಕಲಾ ಅವ್ವನ ಕೈಯಿಂದ ರೊಟ್ಟಿ ಗಂಟು ತೆಗೆದುಕೊಂಡು ಹತ್ತಿ ಕೂತಳು. ಏಳು ಹತ್ತಕ್ಕೆ ವಿಮಾನ ಎದ್ದಿತು. ಕ್ಯಾಪ್ಟನ್‌ದು ಗಡಿಯಾರದ ಲೆಕ್ಕ. ಎರಡು ಟ್ಯಾಂಕೂ ತುಂಬಿದ್ದಾಗ ಮೊದಲ ಒಂದು ಗಂಟೆ ಎಡಗಡೆಯದು, ಆಮೇಲೆ ಬಲಗಡೆಯದು. ಎಂಟು ಹತ್ತಕ್ಕೆ ಅವರು ಆ ಹಿಡಿ ತಿರುಗಿಸುತ್ತಾರೆ ಎಂಬುದು ನನಗೆ ಬಾಯಿಪಾಠವಾಗಿತ್ತು.

ಎಂಟಕ್ಕೆ ಐದು ನಿಮಿಷ ಇರುವಾಗ ಗಂಗಮ್ಮ ಷೆಡ್ಡು ಗುಡಿಸಲು ಬಂದರು. ನಾನು ಪೀಪಾಯಿಗೆ ಒರಗಿ ತೂಕಡಿಸುತ್ತಿದ್ದೆ.

"ಏನ್ಲಾ ರಿಯಾಜು, ಈ ಪೀಪಾಯಿ ಸೀಲೇ ಒಡ್ದಿಲ್ವಲ್ಲ. ಬಲಗಡೇದಕ್ಕೆ ಯಾವುದ್ರಿಂದ ಹುಯ್ದೆ?"

"ಬಲಗಡೇದಕ್ಕೆ ಯಾಕೆ ಹುಯ್ಯಲಿ? ತುಂಬಿದೆ ಅಂತ ನೀವೇ ಅಂದ್ರಲ್ಲ."

ಗಂಗಮ್ಮ ಗುಡಿಸುವುದನ್ನು ನಿಲ್ಲಿಸಿದರು. "ಅದಕ್ಕೇ ಕಣಪ್ಪ ಕೇಳಿದ್ದು. ತುಂಬೈತೆ ಅಂದ್ಮೇಲೆ ನೀನು ಹುಯ್ಬೇಕಲ್ಲ."

ನನಗೆ ತಲೆಬುಡ ತಿಳಿಯಲಿಲ್ಲ. "ತುಂಬಿದ್ರೆ ಮತ್ತೆ ಹೆಂಗೆ ಹುಯ್ಯೋದು ಗಂಗಮ್ಮೋರೇ?"

"ಅಯ್ಯೋ, ತುಂಬೈತೆ ಅಂದ್ರೆ..." ಅವರು ಪೊರಕೆ ಕೆಳಗಿಟ್ಟರು. "ಮನೇಲಿ ಅಕ್ಕಿ ತುಂಬೈತೆ, ಎಣ್ಣೆ ತುಂಬೈತೆ ಅನ್ನಲ್ವಾ? ಅಂಗಡಿಗೆ ಹೋಗಿ ತರ್ಬೇಕು ಅಂದಾಗ?"

ನಾನು ಎದ್ದು ನಿಂತೆ. "ಟ್ಯಾಂಕಲ್ಲಿ ಪೆಟ್ರೋಲ್ ಇತ್ತಾ ಇಲ್ವಾ, ಅದನ್ನ ಹೇಳಿ!"

"ಬಿಡ್ತು ಅನ್ನು! ಹೊತ್ತಾರೆ ಹೊತ್ತು ಆ ಮಾತು ಆಡ್ತಾರಾ? ಮಗಳು ಮೇಲೆ ಹೋಗೋ ದಿನ ನನ್ ಬಾಯಲ್ಲಿ ಹಂಗೆಲ್ಲ ಬರುತ್ತಾ? ಕೋಲು ಒಣಗಿತ್ತು ಕಣಪ್ಪ. ಒಂದ್ ಗೀಟೂ ನೆನೀಲಿಲ್ಲ."

ಕೋಲು ಒಣಗಿತ್ತು. ವಿಮಾನ ನಿಂತಿದ್ದ ಜಾಗಕ್ಕೆ ಓಡಿದೆ. ಬಲಗಡೆ ರೆಕ್ಕೆಯ ಕೆಳಗೆ ಮಣ್ಣು ಅಂಗೈಯಗಲ ನೀಲಿಯಾಗಿತ್ತು, ಮುಟ್ಟಿದರೆ ಇನ್ನೂ ತಣ್ಣಗಿತ್ತು; ಬೆಳಗಿನ ಮಂಜಿನಲ್ಲಿ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ನನ್ನ ಕವಾಟ. ನನ್ನ ಬಸ್ಸು. ಗಂಗಮ್ಮನ ಕಾಲದಲ್ಲಿ ಯಾವ ಟ್ಯಾಂಕೂ ಪೂರ್ತಿ ಬತ್ತಿದ್ದೇ ಇರಲಿಲ್ಲ. ಯಾವತ್ತೂ ಎರಡೋ ಮೂರೋ ಗೀಟು ಇದ್ದೇ ಇರುತ್ತಿತ್ತು, ಅದನ್ನು ಹೇಳಿದರೆ ಸಾಕಾಗುತ್ತಿತ್ತು. ಏನೂ ಇಲ್ಲ ಎಂದು ಹೇಳಬೇಕಾದ ದಿನ ಅದೇ ಮೊದಲು. ಆ ದಿನವೇ ಅವರ ಮಗಳು ಹತ್ತುವವಳಿದ್ದಳು. ಅದಕ್ಕೆ ಅವರು ಮನೆಯ ಶುಭದ ಮಾತನ್ನು ಹುಡುಕಿ ಆಡಿದ್ದರು.

ಕೈಗಡಿಯಾರದಲ್ಲಿ ಎಂಟು ಗಂಟೆ ಒಂದು ನಿಮಿಷ. ಫೋಟೋಗೆಂದು ಅವರು ತೆಂಗಿನ ತಲೆಯ ಮೇಲೇ ಹಾರುತ್ತಾರೆ. ಅಷ್ಟು ಕೆಳಗೆ ಎಂಜಿನ್ ಉಸಿರು ನಿಲ್ಲಿಸಿದರೆ ಹಿಡಿ ಹಿಂದಕ್ಕೆ ತಿರುಗಿಸಿ, ಎಡಗಡೆಯ ಪೆಟ್ರೋಲು ಬಂದು, ಎಂಜಿನ್ ಮತ್ತೆ ಹೊತ್ತಿಕೊಳ್ಳುವಷ್ಟರಲ್ಲಿ ಮರ ಬಂದಿರುತ್ತದೆ. ಟ್ಯಾಂಕ್ ಬದಲಾಯಿಸುವ ಮೊದಲು ಮೇಲೇರಬೇಕು, ಇಳಿಯಲು ಬಯಲು ಕಾಣುವ ಕಡೆಯೇ ಬದಲಾಯಿಸಬೇಕು ಎಂಬುದು ಕ್ಯಾಪ್ಟನ್ನರ ನೇಮ. ಆದರೆ ಕೋಲು ಇಳಿಸಬೇಕೆಂಬ ನೇಮವೂ ಅವರದೇ ಆಗಿತ್ತು, ಅದನ್ನು ನಾನು ಏನು ಮಾಡಿದ್ದೆ ಎಂದು ನನಗೆ ಗೊತ್ತಿತ್ತು.

ಷೆಡ್ಡಿನಲ್ಲಿ ಕಾರಿನ ಬ್ಯಾಟರಿಯಿಂದ ನಡೆಯುವ ಒಂದು ರೇಡಿಯೋ ಸೆಟ್ಟಿತ್ತು. ಗುಂಡಿ ಒತ್ತಿ ಮಾತಾಡಬೇಕು, ಬಿಟ್ಟು ಕೇಳಬೇಕು. ಗುಂಡಿ ಒತ್ತಿ ಕೂಗಿದೆ. "ಸಾರ್, ರೈಟ್ ಟ್ಯಾಂಕ್ ಖಾಲಿ, ಸಾರ್, ಬಲಕ್ಕೆ ಹಾಕ್ಬೇಡಿ!" ಬಿಟ್ಟೆ. ಬರೀ ಗರಗರ. ಮತ್ತೆ ಕೂಗಿದೆ. ಗರಗರ. ಹೊರಗೆ ಬಂದು ನೋಡಿದರೆ ಷೆಡ್ಡಿನ ಮೇಲಿನ ಏರಿಯಲ್ ತಂತಿ ಕಟ್ಟಿದ್ದ ಬಿದಿರು ಬುಡ ಕೊಳೆತು ತಗಡಿನ ಮೇಲೆ ಮಲಗಿತ್ತು. ವಾರದಿಂದ ವಾಲಿಕೊಂಡಿತ್ತು. ನಾಳೆ ಕಟ್ಟಿದರಾಯಿತು ಎಂದು ನಾನೇ ದಿನ ತಳ್ಳಿದ್ದೆ.

ಪೀಪಾಯಿ ಮೇಲೆ ಕಾಲಿಟ್ಟು ತಗಡು ಹತ್ತಿದೆ. ಬಿದಿರನ್ನು ಎತ್ತಿ ಎರಡು ಕೈಯಲ್ಲಿ ನೆಟ್ಟಗೆ ಹಿಡಿದೆ. ಬಿಟ್ಟರೆ ಬೀಳುತ್ತದೆ, ಬಿಡದಿದ್ದರೆ ಕೆಳಗೆ ಮಾತಾಡುವವರಿಲ್ಲ.

"ಗಂಗಮ್ಮೋರೇ! ಆ ಮೈಕಿನ ಗುಂಡಿ ಒತ್ತಿ ಮಾತಾಡಿ!"

"ನಂಗೆ ಬರಲ್ವಲ್ಲಪ್ಪಾ!"

"ಒತ್ತಿ! ಬಲಗಡೆ ಟ್ಯಾಂಕ್ ಖಾಲಿ ಅನ್ನಿ, ಅಷ್ಟೇ ಸಾಕು!"

ಎಂಟು ಗಂಟೆ ಏಳು ನಿಮಿಷ. ತಗಡಿನ ಮೇಲೆ ಇಬ್ಬನಿ ಬಿದ್ದು ಕಾಲು ಜಾರುತ್ತಿತ್ತು. ಮತ್ತೆ ಕೂಗಿದೆ. ಆಮೇಲೆ ಗಂಗಮ್ಮನ ಧ್ವನಿ ಕೇಳಿಸಿತು, ದೇವರ ಮುಂದೆ ನಿಂತು ಮಾತಾಡುವಷ್ಟು ಮೆಲ್ಲಗೆ.

"ಬುದ್ಧೀ... ನಾನು ಗಂಗಮ್ಮ, ಬುದ್ಧಿ. ಬಲಗಡೇದು... ಬಲಗಡೇದು ತುಂಬೈತೆ, ಬುದ್ಧಿ."

ಕೊಡಗಿನ ಕ್ಯಾಪ್ಟನ್ನಿಗೆ ಈ ಮಾತು ಏನು ತಿಳಿಯಬೇಕು? ನಾನು ಒಂದು ಸಲ ಹೇಳಿದ್ದ ಸುಳ್ಳಿಗೆ ಈಗ ಇವರು ಕಾವಲುಗಾರ್ತಿಯ ಸಾಕ್ಷಿ ಕೊಟ್ಟ ಹಾಗಾಗಿತ್ತು. ತಗಡಿನ ಮೇಲಿಂದ ಬಗ್ಗಿ, ಹೆತ್ತವರಿಗೆ ಯಾರೂ ಹೇಳಬಾರದ ಮಾತು ಹೇಳಿದೆ.

"ಹಂಗನ್ಬೇಡಿ! ಅವರು ತುಂಬಿದೆ ಅಂತ್ಲೇ ತಿಳ್ಕೋತಾರೆ! ನಿಮ್ ಮಗಳು ಸಾಯ್ತಾಳೆ, ಗಂಗಮ್ಮೋರೇ! ಖಾಲಿ ಅನ್ನಿ!"

ಆಮೇಲೆ ಆ ಹೆಂಗಸಿನ ಗಂಟಲಿಂದ ಬಂದ ಕೂಗು ನನ್ನ ಕಿವಿಯಲ್ಲಿ ಈಗಲೂ ಇದೆ.

"ಖಾಲಿ, ಬುದ್ಧೀ! ಖಾಲಿ! ಬಲಗಡೇದ್ರಲ್ಲಿ ಏನೂ ಇಲ್ಲ, ಖಾಲಿ! ಶಶೀ, ಖಾಲಿ ಕಣೇ ಮಗಳೇ, ಖಾಲಿ! ಖಾಲಿ!"

ನಿಲ್ಲಿಸಲೇ ಇಲ್ಲ. ಗುಂಡಿ ಬಿಡಿ, ಅವರು ಉತ್ತರ ಕೊಟ್ಟರೆ ಕೇಳಬೇಕಲ್ಲ ಎಂದು ನಾನು ಅರಚಿದ್ದು ಅವರಿಗೆ ಕೇಳಿಸಲಿಲ್ಲ. ಎಂಟು ಹತ್ತು ಆಯಿತು. ಎಂಟು ಹನ್ನೆರಡು ಆಯಿತು. ಅವರು ಗುಂಡಿ ಒತ್ತಿ ಹಿಡಿದು ಅದೊಂದೇ ಮಾತನ್ನು ಕೂಗುತ್ತಿದ್ದರು, ನಾನು ಬಿದಿರು ಹಿಡಿದು ನಿಂತಿದ್ದೆ. ಗುಬ್ಬಿಯ ಕಡೆಯ ಆಕಾಶದಲ್ಲಿ ಹದ್ದೊಂದು ಬಿಟ್ಟರೆ ಏನೂ ಇರಲಿಲ್ಲ. ನನಗೆ ಬರುವ ದುವಾಗಳೆಲ್ಲ ಆ ಹೊತ್ತು ಮರೆತುಹೋಗಿದ್ದವು, ಯಾ ಅಲ್ಲಾ ಎಂಬುದೊಂದು ಬಿಟ್ಟು.

ಎಂಟು ಇಪ್ಪತ್ತರ ಸುಮಾರಿಗೆ ಕಿವಿಗೆ ಬಿತ್ತು. ಮೊದಲು ನಂಬಲಿಲ್ಲ. ಆಮೇಲೆ ಸದ್ದು ಬೆಳೆಯಿತು, ಒಂದು ಏಟೂ ತಪ್ಪದ ಎಂಜಿನ್ ಸದ್ದು. ತೆಂಗಿನ ಸಾಲಿನ ಮೇಲೆ ಬಿಳಿ ರೆಕ್ಕೆ ಕಾಣಿಸಿತು. ಬಿದಿರು ಬಿಟ್ಟುಬಿಟ್ಟೆ. ತಗಡಿನ ಮೇಲೇ ಕುಳಿತು ಅತ್ತೆ.

ಇಳಿದವಳೇ ಶಶಿಕಲಾ ಓಡಿಬಂದು ಅವ್ವನ ಕೈಯಿಂದ ಮೈಕು ಬಿಡಿಸಿದಳು. ಗಂಗಮ್ಮ ಅವಳ ಮುಖ ಮುಟ್ಟಿ ಮುಟ್ಟಿ ನೋಡುತ್ತಿದ್ದರು.

"ಯಾಕವ್ವ ಹಂಗೆ ಕೂಗ್ತಿದ್ದೆ? ನೀನು ಮೊದಲ್ನೇ ಸಲ ತುಂಬೈತೆ ಅಂದಾಗ್ಲೇ ನಂಗೆ ತಿಳೀತು ಕಣವ್ವ."

ಕ್ಯಾಪ್ಟನ್ ನಿಧಾನವಾಗಿ ಇಳಿದು ಬಂದರು. ಅವರು ನೇಮದಂತೆ ಮೇಲೇರಿದ್ದರು, ಕೈ ಹಿಡಿಯ ಮೇಲಿತ್ತು. ಅಷ್ಟರಲ್ಲಿ ಇಬ್ಬರೂ ಕಿವಿಗೆ ಹಾಕಿದ್ದ ಹೆಡ್‌ಫೋನಿನಲ್ಲಿ ಗಂಗಮ್ಮ ಬಲಗಡೇದು ತುಂಬೈತೆ ಅಂದರು. ಒಳ್ಳೇದಾಯ್ತು ಎಂದುಕೊಂಡು ತಿರುಗಿಸಲು ಹೊರಟಾಗ ಈ ಹುಡುಗಿ ಎರಡು ಕೈಯಲ್ಲೂ ಅವರ ಮಣಿಕಟ್ಟು ಹಿಡಿದುಕೊಂಡಳಂತೆ. "ಸಾರ್, ಬೇಡ, ನಮ್ಮವ್ವ ತುಂಬೈತೆ ಅಂದ್ರೆ ಇಲ್ಲ ಅಂತ!" ಅವರು ಏನಮ್ಮ ಇದು ಎಂದು ಬೈಯುವಷ್ಟರಲ್ಲಿ ಖಾಲಿ ಖಾಲಿ ಎಂಬ ಕೂಗು ಶುರುವಾಗಿತ್ತು.

ಕ್ಯಾಪ್ಟನ್ ಕೋಲು ತೆಗೆದುಕೊಂಡು ಬಲಗಡೆಯ ಮುಚ್ಚಳ ತಿರುಗಿಸಿ ಇಳಿಸಿದರು. ಒಣಗಿದ ಕೋಲನ್ನು ನನ್ನ ಮುಂದೆ ಹಿಡಿದರು. ಗಂಗಮ್ಮ ನಡುವೆ ಬಂದರು. "ನಂದೇ ತಪ್ಪು, ಬುದ್ಧಿ. ನಾನು ಬುಡಿಸಿ ಹೇಳ್ಲಿಲ್ಲ. ಅವ್ನನ್ನ ಏನೂ ಅನ್ಬೇಡಿ."

ಅವರ ಬೆನ್ನ ಹಿಂದೆ ನಿಂತುಬಿಡಬಹುದಿತ್ತು. ಒಂದು ಕ್ಷಣ ನಿಂತೂ ನಿಂತೆ. ಆಮೇಲೆ ಹೇಳಿದೆ: "ನಾನು ಕೋಲು ಇಳಿಸಿರಲಿಲ್ಲ, ಸಾರ್. ಕವಾಟಾನೂ ನೋಡದೆ ಹೋದೆ."

"ನಾನು ಕೇಳಿದ್ದೆ ನಿನ್ನ," ಅಂದರು ಕ್ಯಾಪ್ಟನ್. ಧ್ವನಿ ಏರಿಸಲಿಲ್ಲ. "ನಾನೂ ಮುಚ್ಚಳ ತೆಗೀಬೇಕಿತ್ತು, ಅದು ನನ್ನ ತಪ್ಪು. ಆದ್ರೆ ಗಂಗಮ್ಮ ಸುಳ್ಳು ಹೇಳಿಲ್ಲ, ರಿಯಾಜ್. ಸುಳ್ಳು ಹೇಳಿದ್ದು ನೀನು. ಮನೆಗೆ ಹೋಗು. ನಾಳೆ ಬರ್ಬೇಡ."

ಗಂಗಮ್ಮ ನೀರಿನ ಬಾನಿಯ ಹತ್ತಿರ ಹೋಗಿ ಬಾಯಿ ಮುಕ್ಕಳಿಸಿದರು. ಮತ್ತೆ ಮತ್ತೆ ಮುಕ್ಕಳಿಸಿದರು. ನಾನು ಹತ್ತಿರ ಹೋದಾಗ ಕಣ್ಣು ಕೆಂಪಗಿತ್ತು. "ಮದುವೆಯಾಗಿ ಬಂದಾಗ್ನಿಂದ ಆ ಮಾತು ಆಡ್ದೋಳಲ್ಲ ನಾನು. ಅದೂ ಮಗಳ ಹೆಸ್ರು ಕೂಗ್ಕಂಡು ಆಡಿಸ್ಬುಟ್ಟೆಯಲ್ಲೋ!" ಅಂದರು.

ತುಮಕೂರಿನ ಬಸ್ಸಿನಲ್ಲಿ ಅದಕ್ಕೊಂದು ಉತ್ತರ ಹುಟ್ಟಿಕೊಂಡಿತು. ಕಿಟಕಿಗೆ ತಲೆ ಆನಿಸಿ ಅದಕ್ಕೆ ಹೊಳಪು ಕೊಡುತ್ತಾ ಹೋದೆ. ನಾವು ಪೇಟೆಯ ಜನ, ಮನೆಯಲ್ಲಿ ಉರ್ದು ಮಾತಾಡುವವರು. ಹಳ್ಳಿಯ ಹೆಂಗಸರ ಅಕ್ಕಿ ಡಬ್ಬದ ಮಾತು ನನಗೆ ಹೇಗೆ ತಿಳಿಯಬೇಕು? ಇಲ್ಲ ಎನ್ನಲು ತುಂಬಿದೆ ಎನ್ನುವವರನ್ನು ನಾನೆಲ್ಲಿ ಕಂಡಿದ್ದೆ? ಕವಾಟದ್ದು ನನ್ನ ತಪ್ಪು, ಸುಳ್ಳೂ ನನ್ನದೇ, ಒಪ್ಪಿದೆ. ಆದರೆ ಆ ಮಾತು ತಿಳಿಯದೆ ಹೋದದ್ದು ನನ್ನ ತಪ್ಪಲ್ಲ. ಅಬ್ಬಾಗೆ ಇದನ್ನೇ ಹೇಳುವುದೆಂದು ತೀರ್ಮಾನಿಸಿದೆ. ಶಿರಾ ಗೇಟ್ ಬರುವಷ್ಟರಲ್ಲಿ ಮನಸ್ಸು ಸ್ವಲ್ಪ ಹಗುರವಾಗಿತ್ತು.

ಹೇಳಲು ಸಂಜೆಯವರೆಗೂ ಬಾಯಿ ಬರಲಿಲ್ಲ. ಅಂಗಡಿಯ ಮೂಲೆಯಲ್ಲಿ ಕಾರ್ಬುರೇಟರಿನ ಪುಟ್ಟ ಜೆಟ್ಟುಗಳ ತೂತನ್ನು ಊದಿ ಚೊಕ್ಕ ಮಾಡುತ್ತಾ ಕುಳಿತಿದ್ದೆ. ಇಫ್ತಾರಿಗೆ ಹೊತ್ತಾಯಿತೆಂದು ಅಬ್ಬಾ ಕೈಯನ್ನು ಬಟ್ಟೆಗೆ ಒರೆಸಿಕೊಂಡು, ಟೋಪಿ ಸರಿಮಾಡಿಕೊಂಡು, ದಿನವೂ ಹೇಳುವ ಹಾಗೆ ಹೇಳಿದರು:

"ರಿಯಾಜ್, ದುಕಾನ್ ಬಢಾ ದೇ, ಬೇಟಾ."

ಅಂಗಡಿ ಹೆಚ್ಚಿಸು, ಬೆಳೆಸು ಎಂದು ಅದರ ಅರ್ಥ. ಮುಚ್ಚು ಎಂಬ ಅಶುಭದ ಮಾತನ್ನು ಆ ಅಂಗಡಿಯಲ್ಲಿ ನಮ್ಮ ಅಜ್ಜನ ಕಾಲದಿಂದಲೂ ಯಾರೂ ಆಡಿದ್ದಿಲ್ಲ. ನಾನು ಎದ್ದು ಹೋಗಿ ಶಟರಿನ ಹಿಡಿ ಹಿಡಿದೆ, ಎಳೆಯಲು ಆಗಲಿಲ್ಲ.

"ಕ್ಯಾ ಹುವಾ?" ಅಂದರು ಅಬ್ಬಾ. "ಬಢಾ ದೇ."

ಹುಟ್ಟಿದಾಗಿನಿಂದ ಪ್ರತಿ ಸಂಜೆ ಆ ಮಾತು ಕೇಳಿದ್ದೆ. ಅದನ್ನು ಕೇಳಿ ಒಂದು ದಿನವೂ ನಾನು ಅಂಗಡಿಯನ್ನು ದೊಡ್ಡದು ಮಾಡಲು ಹೋಗಿರಲಿಲ್ಲ.